ಭಾನುವಾರದ ಬರವಣಿಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಪಾವಗಡ ತಾಲ್ಲೂಕಿನ ಒಂದು ಪಂಚಾಯ್ತಿ ಲೈಬ್ರರೀಲಿ (ಬೋರ್ಡ್ ಮೇಲೆ ಈಗ ಅರಿವು ಕೇಂದ್ರ ಅಂತಿದೆ, ಊರಲ್ಲಿ ಯಾರೂ ಹಂಗೆ ಕರೆಯಲ್ಲ) ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಎಂಟನೇ ಕ್ಲಾಸಿಂದ ಸೆಕೆಂಡ್ ಪಿಯುವರೆಗಿನ ಮಕ್ಕಳು ಕೂತು ತಮ್ಮೂರಿನ ಕಷ್ಟಸುಖ ಬರೀತಾರೆ, ಜೊತೇಲಿ ನಾನೂ ಇರ್ತೀನಿ. ಹಿಂಗೆ ಬರೆಯೋದೂ ಒಂಥರ ಆಕ್ಟಿವಿಸಂ, ಅದರಲ್ಲಿ ಭರವಸೆ ಇದೆ ಅಂತ ನಾನು ಹೇಳ್ತಿರ್ತೀನಿ. ನಾನು ಟೀಚರ್ ಅಲ್ಲ, ಸಾಹಿತಿನೂ ಅಲ್ಲ, ಪೋಸ್ಟ್ ಆಫೀಸಲ್ಲಿ ಕೆಲಸ, ಮಕ್ಕಳು ಅಕ್ಕ ಅಂತ ಕರೀತಾರೆ. ವಾಟ್ಸಾಪಲ್ಲಿ ಒಂದೇ ಪ್ರಶ್ನೆಗೆ ಇಪ್ಪತ್ತು ಸಲ ಟೈಪ್ ಮಾಡಿ ಸಾಕಾಯ್ತು, ಅದಕ್ಕೆ ಎಲ್ಲಾನೂ ಇಲ್ಲೇ ಹಾಕಿದ್ದೀನಿ, ಓದ್ಕೊಂಡು ಆಮೇಲೆ ಕೇಳಿ.

ಇದು ಪ್ರತಿಭಾ ಕಾರಂಜಿಗೆ ತಯಾರಿನಾ?

ಅಲ್ಲ. ಪ್ರೈಜ್ ಬಂದ್ರೆ ಸಂತೋಷ, ಅದಕ್ಕೋಸ್ಕರ ಅಲ್ಲ. ಪ್ರಬಂಧ ಸ್ಪರ್ಧೆ ಕನ್ನಡ ಬೇರೆ, ಅದರಲ್ಲಿ "ಪೀಠಿಕೆ, ವಿಷಯ ವಿವರಣೆ, ಉಪಸಂಹಾರ" ಅಂತ ಮೂರು ಡಬ್ಬಿ ಇರುತ್ತೆ, ಮಕ್ಕಳು ಅದಕ್ಕೆ ಅಕ್ಕಿ ತುಂಬಿದಂಗೆ ತುಂಬ್ತಾರೆ. ನಮ್ಮಲ್ಲಿ ಮೊದಲ ಎರಡು ತಿಂಗಳು ಆ ಡಬ್ಬಿ ಬಿಡಿಸೋದೇ ಕೆಲಸ.

ಆಕ್ಟಿವಿಸಂ ಅಂದ್ರೆ ಧರಣಿ, ಬಂದ್, ಮೈಕು ಅಲ್ವಾ? ಕಥೆ ಕವನ ಬರೆದ್ರೆ ಏನಾಗುತ್ತೆ?

ಧರಣಿಗೆ ಹೋದೋರೂ ಏನೋ ಹಾಡ್ತಾರಲ್ಲ, ಆ ಹಾಡು ಯಾರೋ ಬರೆದಿದ್ದೇ ಅಲ್ವಾ.

ಸ್ವಲ್ಪ ಹಳೇದು ಹೇಳ್ತೀನಿ, ಬೋರ್ ಆದ್ರೆ ಮುಂದಿನ ಪ್ರಶ್ನೆಗೆ ಹೋಗಿ. 1973ರ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದ್ರು. ಬೂಸಾ ಅಂದ್ರೆ ದನಕ್ಕೆ ಹಾಕ್ತೀವಲ್ಲ ಅದೇ. ದೊಡ್ಡ ಗಲಾಟೆ ಆಯ್ತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಮಂತ್ರಿ ರಾಜೀನಾಮೆನೂ ಕೊಡಬೇಕಾಯ್ತು. ಆ ಸಿಟ್ಟಲ್ಲೇ ದಲಿತ ಸಂಘರ್ಷ ಸಮಿತಿ ಬೆಳೀತು, 1975ರಲ್ಲಿ ಸಿದ್ಧಲಿಂಗಯ್ಯ ಅವರ ಮೊದಲ ಕವನ ಸಂಕಲನ ಬಂತು, ಆಗ ಅವರಿಗೆ ಇನ್ನೂ ಇಪ್ಪತ್ತೊಂದು, ಮಾಗಡಿ ಕಡೆ ಹುಡುಗ. ಆ ಪದ್ಯಗಳು ಪುಸ್ತಕದೊಳಗೆ ಕೂರಲಿಲ್ಲ, ಮೆರವಣಿಗೇಲಿ ಓದು ಬರದವರ ಬಾಯಲ್ಲೂ ಹಾಡಾದವು. ಆಮೇಲೆ 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದ್ರೆ ಕೊಡಲಿಲ್ಲ, ಸರಿ ನಮ್ಮದೇ ಮಾಡ್ಕೋತೀವಿ ಅಂತ ಅದೇ ವರ್ಷ ಬೆಂಗಳೂರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಶುರು ಮಾಡಿದ್ರು. "ಖಡ್ಗವಾಗಲಿ ಕಾವ್ಯ" ಅನ್ನೋದು ಅವರ ಘೋಷಣೆ, ಕೇಳಿರ್ತೀರ. ಆ ಬಂಡಾಯದ ಜೊತೆ ಬೆಳೆದು ಬಂದ ಹಾಸನದ ವಕೀಲೆ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಮಾಡಿದ ಅನುವಾದದ ಮೂಲಕ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು. ಒಂದು ಗೋಷ್ಠಿ ಕೊಡಲ್ಲ ಅಂದಿದ್ದಕ್ಕೂ ಲಂಡನ್ನಿನ ಆ ಸ್ಟೇಜಿಗೂ ನಡುವೆ 46 ವರ್ಷ. ಲೆಕ್ಕ ಇಟ್ಕೊಳ್ಳಿ, ಬರೆದದ್ದರ ಫಲ ಸೋಮವಾರ ಬೆಳಿಗ್ಗೆ ಬರಲ್ಲ.

ನನಗೆ 14 ವರ್ಷ, ನಾನು ಬರೆದ್ರೆ ಯಾರು ಓದ್ತಾರೆ ಅಕ್ಕ?

ಪುಣೆಯಲ್ಲಿ ಫುಲೆ ದಂಪತಿ ನಡೆಸ್ತಿದ್ದ ಶಾಲೇಲಿ ಮುಕ್ತಾ ಸಾಳ್ವೆ ಅಂತ ಒಬ್ಬ ಹುಡುಗಿ ಓದ್ತಿದ್ಲು, ಮಾಂಗ್ ಅನ್ನೋ ದಲಿತ ಜಾತಿಯವಳು, ವಯಸ್ಸು ಹೆಚ್ಚುಕಮ್ಮಿ ನಿಂದೇ. 1855ರಲ್ಲಿ ಅವಳು ಮಾಂಗ್ ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದ್ಲು, ಅದು ಜ್ಞಾನೋದಯ ಅನ್ನೋ ಮರಾಠಿ ಪತ್ರಿಕೇಲಿ ಅಚ್ಚಾಯ್ತು. ವೇದ ಬ್ರಾಹ್ಮಣರದ್ದು ಅಂತಾದ್ರೆ ನಮ್ಮ ಧರ್ಮ ಯಾವುದು ಹೇಳು ಅಂತ ಸೀದಾ ದೇವರನ್ನೇ ಕೇಳಿದ್ದಾಳೆ ಅದರಲ್ಲಿ. ನೂರ ಎಪ್ಪತ್ತು ವರ್ಷ ಆಯ್ತು, ಜನ ಇವತ್ತೂ ಅದನ್ನ ಓದ್ತಿದ್ದಾರೆ. ಆ ಹುಡುಗಿ ಯಾರಿಗೂ ಉಪದೇಶ ಮಾಡಲಿಲ್ಲ, ಉತ್ತರ ಕೊಡೋಕೆ ಆಗದಂಥ ಒಂದು ಪ್ರಶ್ನೆ ಕೇಳಿದ್ಲು. ಹದಿನಾಲ್ಕು ವರ್ಷದವರಿಗೆ ಅಂಥ ಪ್ರಶ್ನೆ ಸುಲಭಕ್ಕೆ ಬರುತ್ತೆ, ದೊಡ್ಡೋರಿಗೆ ಮರ್ಯಾದೆ ಅಡ್ಡ ಬರುತ್ತೆ.

ಏನು ಬರೀಬೇಕು? ಪರಿಸರ, ಹೆಣ್ಣುಮಕ್ಕಳ ಶಿಕ್ಷಣ, ಹಂಗೆ ಟಾಪಿಕ್ ಕೊಡ್ತೀರಾ?

ಕೊಡಲ್ಲ. ಟಾಪಿಕ್ ಕೊಟ್ರೆ ಟಾಪಿಕ್‌ಗೇ ಬರೀತಾರೆ, ಊರಿಗೆ ಬರೆಯಲ್ಲ.

ಇದಕ್ಕೆ ಒಂದು ನಿಜವಾಗ್ಲೂ ಆಗಿದ್ದು ಹೇಳ್ತೀನಿ (ಆ ಹುಡುಗೀನ ಕೇಳೇ ಹಾಕ್ತಿರೋದು, ಹೆಸರು ಬೇಡ ಅಂದಿದ್ದಾಳೆ). ಒಂಬತ್ತನೇ ಕ್ಲಾಸು. ಮೊದಲ ವಾರ ನೀರಿನ ಬಗ್ಗೆ ಬರ್ಕೊಂಡು ಬಂದ್ಲು, ನೀರು ಜೀವಜಲ, ನೀರು ಅಮೂಲ್ಯ, ನೀರನ್ನು ಉಳಿಸೋಣ ಮುಂದಿನ ಪೀಳಿಗೆಗೆ. ಓದಿ ನಾನು ಏನೂ ಹೇಳಲಿಲ್ಲ, ಇವತ್ತು ಬೆಳಿಗ್ಗೆ ಕುಡಿದ ನೀರು ಎಲ್ಲಿಂದ ಬಂತು ಅಂತ ಕೇಳಿದೆ ಅಷ್ಟೇ. ಅವಳು ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕಳು. ಈ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ಎಲ್ಲರಿಗೂ ಗೊತ್ತು, ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ, ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಹುಟ್ಟೋವಾಗ್ಲೇ ಕಲೆ ಹಿಡಿಯುತ್ತೆ, ಎಷ್ಟು ಉಜ್ಜಿದ್ರೂ ಹೋಗಲ್ಲ. ಮುಂದಿನ ವಾರ ಅವಳು ತಂದಿದ್ದು ಒಂದೂವರೆ ಪುಟ. ಸ್ಕೂಲಲ್ಲಿ ಗ್ರೂಪ್ ಫೋಟೋ, ಫೋಟೋದವನು "ಎಲ್ರೂ ನಗಿ" ಅಂದ ತಕ್ಷಣ ಅವಳು ಬಾಯಿ ಮುಚ್ಕೊಂಡ್ಳು, ಪಕ್ಕದವಳೂ ಮುಚ್ಕೊಂಡ್ಳು, ಆ ಸಾಲಲ್ಲಿ ಎಲ್ರೂ ತುಟಿ ಒತ್ತಿ ಹಿಡಿದ್ರು. ಫೋಟೋ ಬಂದಾಗ ಬೆಂಗಳೂರಿಂದ ಬಂದ ಅವಳ ಮಾವನ ಮಗಳು ನೋಡಿ ಕೇಳಿದ್ಲಂತೆ, ಯಾಕೇ ನಿಮ್ಮ ಕ್ಲಾಸಲ್ಲಿ ಎಲ್ರೂ ಸಿಟ್ಟು ಮಾಡ್ಕೊಂಡಿದ್ದೀರ ಅಂತ. ಹಲ್ಲು ಬಿಟ್ಟು ನಕ್ಕಿದ್ದು ಒಬ್ರೇ, ಆ ವರ್ಷ ಮಂಡ್ಯ ಕಡೆಯಿಂದ ಬಂದಿದ್ದ ಹೊಸ ಮೇಷ್ಟ್ರು. ಕಥೆ ಅಲ್ಲಿಗೆ ಮುಗೀತು. ಫ್ಲೋರೈಡ್ ಅನ್ನೋ ಪದ ಅದರಲ್ಲಿ ಒಂದು ಸಲನೂ ಇಲ್ಲ. ಓದಿ ಮುಗಿಸಿದಾಗ ಲೈಬ್ರರೀಲಿ ಇದ್ದ ಹನ್ನೊಂದು ಜನಾನೂ ತಮ್ಮ ತಮ್ಮ ಫೋಟೋ ನೆನಪು ಮಾಡ್ಕೊತಿದ್ರು ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ಹಂಗಾಗಿ ಏನು ಬರೀಬೇಕು ಅಂದ್ರೆ, ನೀವು ಬಾಯಿಗೆ ಕೈ ಅಡ್ಡ ಇಡೋದು ಯಾವುದಕ್ಕೆ, ಅದನ್ನ.

ಕಥೆನಾ, ಕವನಾನಾ, ಅರ್ಜಿನಾ?

ಮೂರೂ ಬೇಕು, ಕೆಲಸ ಬೇರೆ ಬೇರೆ. ಅರ್ಜಿಲಿ ತಾರೀಖು, ಜಾಗ, ಏನು ಬೇಕು ಅನ್ನೋದು ನಾಲ್ಕೇ ಸಾಲಲ್ಲಿ ಇರಬೇಕು, ಅಲ್ಲಿ ಸೂರ್ಯಾಸ್ತ ಬೇಡ. ಕವನ ಹಾಡೋಕೆ, ಬಾಯಿಪಾಠಕ್ಕೆ. ಕಥೆಗೆ ಇರೋ ಅನುಕೂಲ ಏನಂದ್ರೆ ನಿಮಗೆ ಒಪ್ಪಿಗೆ ಇಲ್ಲದವರ ತಲೆಯೊಳಗೂ ಹೋಗಿ ಕೂರಬಹುದು.

ನಮ್ಮ ತಾಲ್ಲೂಕಿನ ಸೋಲಾರ್ ಪಾರ್ಕ್ ವಿಷ್ಯ ತಗೊಳ್ಳಿ. ತಿರುಮಣಿ, ವಳ್ಳೂರು ಆ ಐದು ಊರು ಸೇರಿ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್, ಜಮೀನು ಕೊಂಡ್ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿರೋದು, ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಂದ್ಸಲ ಶೇಕಡ 5 ಜಾಸ್ತಿ. ನಮ್ಮ ಗುಂಪಲ್ಲಿ ಒಬ್ಬ ಹುಡುಗನ ಅಪ್ಪ ಎಂಟು ಎಕರೆ ಕೊಟ್ಟಿದ್ದಾರೆ, ಅವನು ಬರೆದ ಕಥೇಲಿ ಅಪ್ಪ ಮಳೆ ಬರುತ್ತಾ ಅಂತ ಆಕಾಶ ನೋಡೋದು ಬಿಟ್ಟು ಮೊದಲ ಸಲ ನೆಮ್ಮದಿಯಾಗಿ ಮಧ್ಯಾಹ್ನ ಮಲಗ್ತಾರೆ. ಇನ್ನೊಬ್ಬನ ಅಜ್ಜಿಗೆ ಜಮೀನೇ ಇಲ್ಲ, ಬೇರೆಯವರ ಹೊಲಕ್ಕೆ ಕಡ್ಲೆಕಾಯಿ ಕೀಳೋಕೆ ಹೋಗ್ತಿದ್ರು. ಹೊಲಾನೇ ಇಲ್ಲ ಅಂದ್ಮೇಲೆ ಕೂಲಿ ಎಲ್ಲಿ, ಗುತ್ತಿಗೆ ದುಡ್ಡು ಅವರಿಗೆ ಬರಲ್ವಲ್ಲ. ಅವನ ಕಥೇಲಿ ಅಜ್ಜಿ ಬೇಲಿ ಹೊರಗೆ ನಿಂತು ಒಳಗಿನ ಹುಲ್ಲು ನೋಡ್ತಾಳೆ. ಇಬ್ರೂ ಒಂದೇ ಬೆಂಚು, ಇಬ್ರದ್ದೂ ನಿಜ. ಗೋಡೆ ಪತ್ರಿಕೇಲಿ ಎರಡನ್ನೂ ಅಕ್ಕಪಕ್ಕ ಅಂಟಿಸಿದ್ವಿ. ಸೋಲಾರ್ ಬೇಕು ಅಥವಾ ಬೇಡ ಅಂತ ಘೋಷಣೆ ಬರೆಸಿದ್ರೆ ಇಬ್ರಲ್ಲಿ ಒಬ್ಬ ಗುಂಪು ಬಿಟ್ಟು ಹೋಗಿರ್ತಿದ್ದ, ಈಗ ಇಬ್ರೂ ಸೇರ್ಕೊಂಡು ಕೂಲಿ ಹೋದವರಿಗೆ ಏನು ಸಿಗಬೇಕಿತ್ತು ಅಂತ ಜಗಳ ಆಡ್ತಿದ್ದಾರೆ, ಅದು ಒಳ್ಳೇ ಜಗಳ.

ನನ್ನ ಕನ್ನಡ ಚೆನ್ನಾಗಿಲ್ಲ, ಮನೇಲಿ ತೆಲುಗು ಮಾತಾಡೋದು. ಬರಬಹುದಾ?

ಅಯ್ಯೋ, ಆಂಧ್ರ ಗಡಿಯ ಪಾವಗಡದಲ್ಲಿ ಇದ್ಕೊಂಡು ಇದು ಕೇಳ್ತೀರಲ್ಲ, ಇಲ್ಲಿ ಅರ್ಧ ಮನೆಯವ್ರದ್ದು ಅದೇ ಕಥೆ. ಮೇಲೆ ಹೇಳಿದ ಅಜ್ಜಿ ಕಥೆನ ಆ ಹುಡುಗ ಮೊದಲು ಪುಸ್ತಕದ ಕನ್ನಡದಲ್ಲಿ ಬರೆದಿದ್ದ, ಅಜ್ಜಿ "ನನಗೆ ಉದ್ಯೋಗಾವಕಾಶವಿಲ್ಲ" ಅಂತಾಳೆ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ, ಅವನೂ ನಕ್ಕ. ನಿಜಕ್ಕೂ ನಿಮ್ಮಜ್ಜಿ ಏನಂತಾರೆ ಅಂದ್ರೆ, "ಪನಿ ಲೇದು ನಾಯನಾ" ಅಂದ. ಹಂಗೇ ಇಡು ಅಂದೆ. ಕನ್ನಡ ಕಥೆ ನಡುವೆ ಆ ಮೂರು ತೆಲುಗು ಪದ ಹಂಗೇ ಇದೆ, ಓದಿದವರು ಯಾರೂ ಅರ್ಥ ಕೇಳಲಿಲ್ಲ. ಕಾಗುಣಿತ, ಒತ್ತಕ್ಷರ ಆಮೇಲೆ ಸರಿ ಮಾಡಬಹುದು, ಹ ಕಾರ ಅ ಕಾರದ ಗಲಾಟೆನೂ ಅಷ್ಟೇ. ಮಾತು ಯಾರದ್ದು ಅಂತ ಕೇಳಿಸಬೇಕು, ಅದು ಹೋದ್ರೆ ಮಾತ್ರ ವಾಪಸ್ ತರೋದು ಕಷ್ಟ.

ಚಾಟ್‌ಜಿಪಿಟಿ ಕೈಲಿ ಬರೆಸಿ ತರಬಹುದಾ?

ಒಬ್ಬ ತಂದಿದ್ದ. "ನಮ್ಮ ಊರು" ಅಂತ. ಹಸಿರು ಗದ್ದೆ, ಜುಳುಜುಳು ನದಿ, ತೆಂಗಿನ ತೋಪು. ಉತ್ತರ ಪಿನಾಕಿನಿ ಇದೆ ನಮ್ಮಲ್ಲಿ, ಇಲ್ಲ ಅನ್ನಲ್ಲ, ಆದ್ರೆ ಹೆಚ್ಚಿನ ವರ್ಷ ಅದರಲ್ಲಿ ಮರಳೇ ಕಾಣೋದು. ಓದೋಕೆ ಶುರು ಮಾಡಿದ ಅರ್ಧ ನಿಮಿಷಕ್ಕೆ ಹಿಂದಿನ ಬೆಂಚಿಂದ ಯಾರೋ "ಲೋ, ಇದು ಯಾವೂರೋ" ಅಂದ್ರು. ಅವನೇ ಮಡಚಿ ಜೇಬಿಗೆ ಹಾಕ್ಕೊಂಡ. ಪದದ ಅರ್ಥ ಹುಡುಕೋಕೆ ಬೇಕಾದ್ರೆ ಬಳಸಿ.

ಹೋಪ್, ಭರವಸೆ ಅಂತೀರಲ್ಲ, ಅಂದ್ರೆ ಕೊನೇಲಿ ಎಲ್ಲಾ ಸರಿ ಹೋಗಬೇಕಾ?

ಇದು ಕಷ್ಟದ ಪ್ರಶ್ನೆ, ನಾನೂ ಮೊದಲೆರಡು ವರ್ಷ ಇದರಲ್ಲಿ ತಪ್ಪು ಮಾಡಿದ್ದೀನಿ. ಮಕ್ಕಳ ಕಥೆ ಕೊನೇಲಿ ಒಂದು ಸಸಿ ಚಿಗುರಬೇಕು, ಜಿಲ್ಲಾಧಿಕಾರಿ ಬರಬೇಕು, ಮಳೆ ಬರಬೇಕು ಅಂತ ನಾನೇ ಒತ್ತಾಯ ಮಾಡ್ತಿದ್ದೆ, ಮಕ್ಕಳ ಮನಸ್ಸಿಗೆ ಒಳ್ಳೇದು ಅಂತ. ಒಂದು ದಿನ ಪಿಯು ಹುಡುಗಿ ಮುಖಕ್ಕೇ ಹೇಳಿದ್ಲು, ಅಕ್ಕ ಇದು ನಾನು ನಿಮಗೋಸ್ಕರ ಹಾಕಿದ ಮಳೆ, ನಂದಲ್ಲ. ಅವತ್ತಿಂದ ಬಿಟ್ಟೆ.

ಈಗ ನಾನು ನೋಡ್ತಿರೋ ಪ್ರಕಾರ ಮಕ್ಕಳಿಗೆ ಧೈರ್ಯ ಬರೋದು ಕಥೆಯ ಕೊನೆಯಿಂದ ಅಲ್ಲ. ಬರೆದದ್ದನ್ನ ಇನ್ನೊಬ್ಬರು ಓದಿ "ನಮ್ಮನೇಲೂ ಹಿಂಗೇ" ಅಂದಾಗ ಬರುತ್ತೆ. ತನಗೊಬ್ಬಳಿಗೇ ಇರೋ ನಾಚಿಕೆ ಅಂದ್ಕೊಂಡಿದ್ದು ಹನ್ನೊಂದು ಜನರದ್ದು ಅಂತಾದ್ರೆ ಅದು ನಾಚಿಕೆ ಆಗಿ ಉಳಿಯಲ್ಲ, ಪಂಚಾಯ್ತಿಲಿ ಕೇಳಬೇಕಾದ ವಿಷ್ಯ ಆಗುತ್ತೆ. ಕಥೆ ದುಃಖದಲ್ಲೇ ಮುಗೀಲಿ ಬಿಡಿ, ಏನೂ ಆಗಲ್ಲ.

ಬರೆದದ್ದನ್ನ ಎಲ್ಲಿ ಹಾಕೋದು? ಇನ್‌ಸ್ಟಾದಲ್ಲಾ?

ಮೊದಲು ಗೋಡೆ ಮೇಲೆ. ಒಂದು ಡ್ರಾಯಿಂಗ್ ಶೀಟು, ಮೈದಾ ಅಂಟು, ಸ್ಕೆಚ್ ಪೆನ್ನು, ಮೂವತ್ತು ರೂಪಾಯಲ್ಲಿ ಗೋಡೆ ಪತ್ರಿಕೆ ರೆಡಿ. ಲೈಬ್ರರಿ ಹೊರಗೆ, ಬಸ್ ಕಾಯೋರಿಗೆ ಕಾಣೋ ಎತ್ತರಕ್ಕೆ. ಎತ್ತರ ಮುಖ್ಯ, ಮೊದಲ ಸಲ ನಮ್ಮ ಹುಡುಗರು ಸ್ಟೂಲ್ ಹತ್ತಿ ಮೇಲೆ ಅಂಟಿಸಿದ್ರು, ಯಾರ ಕುತ್ತಿಗೆನೂ ಅಲ್ಲಿಗೆ ಹೋಗಲಿಲ್ಲ.

ಒಂದು ಸ್ಕೂಲಲ್ಲಿ (ಹೆಸರು ಹೇಳಲ್ಲ) ಶೌಚಾಲಯದ ಬಗ್ಗೆ ಮಕ್ಕಳು ಬರೆದ ಶೀಟನ್ನ ಅರ್ಧ ದಿನದಲ್ಲಿ ಕಿತ್ತು ಹಾಕಿದ್ರು, ಸ್ಕೂಲ್ ಮಾನ ಹೋಗುತ್ತಂತೆ. ಬೀಗ ಹಾಕಿರೋ ಶೌಚಾಲಯದಿಂದ ಹೋಗದಿದ್ದ ಮಾನ ಕಾಗದದಿಂದ ಹೋಯ್ತು. ಅದೇ ಶೀಟನ್ನ ಇನ್ನೊಂದ್ಸಲ ಬರೆದು ಮಕ್ಕಳ ಗ್ರಾಮ ಸಭೇಲಿ ಓದಿದ್ವಿ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಕರ್ನಾಟಕದಲ್ಲಿ 2006ರಿಂದ ಪಂಚಾಯ್ತಿಗಳು ವರ್ಷಕ್ಕೊಂದ್ಸಲ ಮಕ್ಕಳಿಗೇ ಅಂತ ಗ್ರಾಮ ಸಭೆ ಮಾಡಬೇಕು ಅಂತಿದೆ, ಸಾಮಾನ್ಯವಾಗಿ ನವೆಂಬರ್ ಆಸುಪಾಸು. ಕೆಲವು ಕಡೆ ಬಲೂನು ಕಟ್ಟಿ, ನೆಹರು ಫೋಟೋಗೆ ಹಾರ ಹಾಕಿ, ಬಿಸ್ಕೆಟ್ ಕೊಟ್ಟು ಮುಗಿಸ್ತಾರೆ. ನೀವು ಬರ್ಕೊಂಡು ಹೋಗಿ ಓದಿದ್ರೆ ನಡಾವಳಿ ಪುಸ್ತಕಕ್ಕೆ ಸೇರಿಸಬೇಕಾಗುತ್ತೆ, ಸೇರಿಸಿದ್ರಾ ಅಂತ ಅಲ್ಲೇ ನಿಂತು ಕೇಳಿ, ಪಿಡಿಒ ಸರ್ ಸಹಿ ಹಾಕೋವರೆಗೆ ಬಿಸ್ಕೆಟ್ ಮುಟ್ಟಬೇಡಿ.

ಇನ್‌ಸ್ಟಾ ಬೇಡ ಅನ್ನಲ್ಲ, ಆದ್ರೆ ಗೋಡೆ ಆದ ಮೇಲೆ. ಲೈಕ್ ಕೊಟ್ಟವನು ಯಾವ ಊರಲ್ಲಿದ್ದಾನೋ, ನಿಮ್ಮ ನಲ್ಲಿ ಅವನಿಗೆ ಗೊತ್ತಿಲ್ಲ.

ನನ್ನ ಹೆಸರು ಹಾಕಬೇಕಾ? ಬೇರೆಯವ್ರ ಹೆಸರು ಹಾಕಬಹುದಾ?

ನಿಮ್ಮ ಹೆಸರು ನಿಮ್ಮಿಷ್ಟ. ಕಾವ್ಯನಾಮ ಇಟ್ಕೊಳ್ಳೋದು ಪುಕ್ಕಲುತನ ಅಲ್ಲ. 2009ರಲ್ಲಿ ಪಾಕಿಸ್ತಾನದ ಸ್ವಾತ್ ಕಣಿವೆಯಿಂದ ಮಲಾಲಾ ಬಿಬಿಸಿ ಉರ್ದುಗೆ ಡೈರಿ ಬರೆದಾಗ ಅವಳಿಗೆ 11 ವರ್ಷ, ಗುಲ್ ಮಕಾಯಿ ಅನ್ನೋ ಹೆಸರಲ್ಲಿ ಬರೆದಿದ್ದು, ಸ್ಕೂಲು ಮುಚ್ಚೋ ದಿನಗಳ ಬಗ್ಗೆ.

ಬೇರೆಯವರ ಹೆಸರು ಹಾಕಬೇಡಿ, ಅದರಲ್ಲೂ ಇನ್ನೊಂದು ಮಗುವಿಗೆ ಆದ ದೌರ್ಜನ್ಯದ ಬಗ್ಗೆ ಆದ್ರೆ ಹೆಸರು, ಸ್ಕೂಲು, ಬೀದಿ, ಫೋಟೋ ಯಾವುದೂ ಬೇಡವೇ ಬೇಡ, ಕಾನೂನಲ್ಲೇ ಅದು ತಪ್ಪು. ಹೆಸರು ಬದಲಾಯಿಸಿ "ಇದು ಕಾಲ್ಪನಿಕ" ಅಂತ ಬರೆದು ಆಮೇಲೆ "ಮಾರಮ್ಮನ ಗುಡಿ ಪಕ್ಕದ ನೀಲಿ ಬಾಗಿಲ ಮನೆ" ಅಂದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಸಣ್ಣ ಊರಲ್ಲಿ ಬಾಗಿಲ ಬಣ್ಣನೂ ಹೆಸರೇ.

ಮಗಳು ಬರೆದದ್ದು ಓದಿ ಭಯ ಆಯ್ತು, ಏನು ಮಾಡ್ಲಿ? (ತಾಯಂದಿರು ಕೇಳೋದು)

ಮೊದಲು, ಅವಳಿಗೆ ಹೇಳದೆ ಓದಿದ್ರೆ ಅದನ್ನ ಒಪ್ಕೊಳ್ಳಿ. ಬೈಬೇಡಿ. ಕವನದಲ್ಲಿ ಸಾವು, ಕತ್ತಲು ಬಂದ ತಕ್ಷಣ ಅಪಾಯ ಅಂತ ಅಲ್ಲ, ಈ ವಯಸ್ಸಲ್ಲಿ ಕತ್ತಲು ಎಲ್ಲರ ಕವನದಲ್ಲೂ ಬರುತ್ತೆ. ಆದ್ರೆ ಊಟ, ನಿದ್ದೆ ಬಿಟ್ಟಿದ್ರೆ, ಇಷ್ಟದ ವಸ್ತು ಬೇರೆಯವರಿಗೆ ಕೊಡ್ತಿದ್ರೆ, ಸಾಯಬೇಕು ಅಂತ ನೇರ ಹೇಳಿದ್ರೆ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಯಾರಾದ್ರೂ ಹಿಂಸೆ ಕೊಡ್ತಿದ್ದಾರೆ, ಮದುವೆ ಮಾಡೋಕೆ ನೋಡ್ತಿದ್ದಾರೆ ಅಂತ ಮಗು ಬರೆದಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಬರವಣಿಗೆ ಮನಸ್ಸು ಹಗುರ ಮಾಡುತ್ತೆ ನಿಜ, ಆದ್ರೆ ಡಾಕ್ಟರ್ ಕೆಲಸ ನೋಟ್‌ಬುಕ್ ಕೈಲಿ ಮಾಡಿಸಬಾರದು.

ಎಸ್ಸೆಸ್ಸೆಲ್ಸಿ ವರ್ಷ, ಟೈಮ್ ವೇಸ್ಟ್ ಅಲ್ವಾ? (ಅಪ್ಪಂದಿರು ಕೇಳೋದು)

ವಾರಕ್ಕೆ ಎರಡು ಗಂಟೆ ಅಣ್ಣ. ಫೆಬ್ರವರಿ, ಮಾರ್ಚ್‌ನಲ್ಲಿ ನಾವೇ ಹತ್ತನೇ ಕ್ಲಾಸಿನವರನ್ನ ಮನೆಗೆ ಕಳಿಸ್ತೀವಿ.

ನಾನು ಕನ್ನಡ ಮೇಷ್ಟ್ರು, ನಮ್ಮ ಶಾಲೇಲೂ ಮಾಡಬೇಕು ಅಂತಿದ್ದೀನಿ. ಟಿಪ್ಸ್ ಕೊಡಿ.

ಕೆಂಪು ಪೆನ್ನು ಮನೇಲಿ ಬಿಟ್ಟು ಬನ್ನಿ ಸಾರ್. ತಪ್ಪು ತಿದ್ದೋ ಬದಲು ಮಾರ್ಜಿನ್‌ನಲ್ಲಿ ಒಂದೇ ಪ್ರಶ್ನೆ ಬರೀರಿ, "ಅವಾಗ ನಿನ್ನ ಕೈಯಲ್ಲಿ ಏನಿತ್ತು?" ಅನ್ನೋ ಥರದ್ದು. ನೀವೂ ಮಕ್ಕಳ ಜೊತೆ ಕೂತು ಬರೀರಿ, ನಿಮ್ಮದನ್ನೂ ಓದಿ, ಅವರು ನಗಲಿ. ಪುಸ್ತಕಕ್ಕೆ ಪಂಚಾಯ್ತಿ ಲೈಬ್ರರಿ ಇದೆ, 6ರಿಂದ 18 ವರ್ಷದ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ, 2020ರಿಂದ "ಓದುವ ಬೆಳಕು" ಅಂತ ನಡೀತಿರೋದು ಅದೇ.

ನಿಜ ಹೇಳಿ ಅಕ್ಕ, ಬರೆದು ಏನಾದ್ರೂ ಬದಲಾಯ್ತಾ?

ಒಂದು ಹೇಳ್ತೀನಿ, ಜಾಸ್ತಿ ನಿರೀಕ್ಷೆ ಬೇಡ. ನಮ್ಮೂರ ಶುದ್ಧ ನೀರಿನ ಘಟಕ ಕೆಟ್ಟು ನಿಂತಿತ್ತು, ಐದು ರೂಪಾಯಿ ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್ ಬರುತ್ತಲ್ಲ ಅದು. ಎಂಟನೇ ಕ್ಲಾಸಿನ ಒಬ್ಬ ಹುಡುಗನಿಗೆ ಕಥೆ ಬರಲ್ಲ, ಕವನ ಬರಲ್ಲ, ನಾನು ಏನು ಬರೀಲಿ ಅಂತ ಮೂತಿ ಊದಿಸ್ಕೊಂಡು ಕೂತಿದ್ದ, ದಿನಾ ಒಂದು ಸಾಲು ಬರಿ ಸಾಕು ಅಂದೆ. ಅವನು ಸ್ಕೂಲಿಗೆ ಹೋಗ್ತಾ ಘಟಕದ ಮುಂದೆ ನಿಂತು ಬರೆಯೋಕೆ ಶುರು ಮಾಡಿದ. "ಇವತ್ತೂ ಬೀಗ." "ಇವತ್ತೂ ಬೀಗ, ಒಂದು ನಾಯಿ ಮಲಗಿದೆ." "ಇವತ್ತೂ ಬೀಗ, ನಾಯಿ ಮರಿ ಹಾಕಿದೆ." "ಬೀಗ. ನಾಲ್ಕು ಮರಿ." "ಬೀಗ. ಮೂರು ಮರಿ." ಹಿಂಗೆ 47 ದಿನ. ಮಕ್ಕಳ ಗ್ರಾಮ ಸಭೇಲಿ ಹಲ್ಲಿನ ಹುಡುಗಿ ಫೋಟೋ ಕಥೆ ಓದಿದ್ಲು, ಆಮೇಲೆ ಇವನು ನಿಂತು ನಲವತ್ತೇಳು ಸಾಲೂ ಓದಿದ, ಮೊದಮೊದಲು ಸದಸ್ಯರು ನಗ್ತಿದ್ರು, ಮೂರು ಮರಿ ಹೊತ್ತಿಗೆ ಯಾರೂ ನಗ್ತಿರಲಿಲ್ಲ. ಹತ್ತು ದಿನದಲ್ಲಿ ಮೆಕ್ಯಾನಿಕ್ ಬಂದ, ನೀರು ಬಂತು. ನಾವು ಕೇಸರಿಬಾತ್ ಮಾಡ್ಕೊಂಡು ತಿಂದ್ವಿ.

ನಾಲ್ಕು ತಿಂಗಳಿಗೆ ಮತ್ತೆ ಕೆಟ್ಟಿದೆ. ಅವನೀಗ ಎರಡನೇ ನೋಟ್‌ಬುಕ್‌ನಲ್ಲಿದ್ದಾನೆ, ಈ ಸಲ ಪಕ್ಕದ ಎರಡು ಊರಿನ ಹುಡುಗರಿಗೂ ಒಂದೊಂದು ನೋಟ್‌ಬುಕ್ ಕೊಟ್ಟಿದ್ದಾನೆ, ಅಲ್ಲಿನ ಘಟಕಕ್ಕೆ.

ಸೇರ್ಕೊಳೋಕೆ ಫೀಸ್ ಎಷ್ಟು, ಏನೇನು ತರಬೇಕು?

ಫೀಸ್ ಇಲ್ಲ. ಇನ್ನೂರು ಪೇಜಿನ ನೋಟ್‌ಬುಕ್, ಪೆನ್ನು. ನೀರಿನ ಬಾಟ್ಲು ಮನೆಯಿಂದ ತುಂಬ್ಕೊಂಡೇ ಬನ್ನಿ, ಲೈಬ್ರರಿ ನಲ್ಲೀಲಿ ಬರೋದು ಬೋರ್ ನೀರು.